ಗುಲಾಬಿ ಪಾತಿಯ ಮೇಲೊಂದು ನೀಲಿ ಗೆರೆ

ಸೋಮವಾರ, ಬೆಳಗ್ಗೆ ಐದೂಕಾಲು. ಔಷಧಿ ಅಂಗಡಿಯ ಮುಂದಿನ ರಸ್ತೆಯಲ್ಲಿ ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಸೊಂಟದೆತ್ತರದ ಕಬ್ಬಿಣದ ಕಂಬಿ. ಅದರ ಒಂದು ತುದಿ ಡಾಂಬರಿನ ಮೇಲೆ, ಮರದ ಗುಂಡು ಕೂರಿಸಿದ ಇನ್ನೊಂದು ತುದಿ ಅವರ ಬಲಗಿವಿಯ ಮೇಲೆ. ಕಣ್ಣು ಮುಚ್ಚಿದೆ. ಏನು ಕೇಳಿಸುತ್ತಿದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಎಡಗೈ ಮೇಲೇಳುತ್ತದೆ.

“ಬರೆಯೋರೇ, ಸ್ವಲ್ಪ ಸುಮ್ನಿರಿ. ಕೆಳಗಡೆಯೋರು ಮಾತಾಡ್ತಿದಾರೆ.”

ಕೆಳಗಡೆಯವರು ಎಂದರೆ ನೀರು. ಅವರು ಮೂರು ಹೆಜ್ಜೆ ಮುಂದೆ ಹೋಗಿ ಮತ್ತೆ ಕಂಬಿ ಊರುತ್ತಾರೆ, ಒಂದು ಹೆಜ್ಜೆ ಹಿಂದೆ ಬಂದು ಇನ್ನೊಮ್ಮೆ. ಆಮೇಲೆ ಹೆಗಲ ಚೀಲದಿಂದ ನೀಲಿ ಬಣ್ಣದ ಡಬ್ಬಿ ತೆಗೆದು, ರಸ್ತೆಯ ಮೇಲೆ ಮೊಳದುದ್ದದ ಗೆರೆ ಎಳೆದು, ನಡುವೆ ಒಂದು ಅಡ್ಡಗೀಟು ಹಾಕುತ್ತಾರೆ. “ಇಲ್ಲೇ. ಎರಡೂವರೆ ಅಡಿ ಕೆಳಗೆ,” ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ನಗರಸಭೆಯ ನೀರು ವಿಭಾಗದವರು ಗುದ್ದಲಿ ಹಿಡಿದು ಬರುತ್ತಾರೆ. ಎರಡೂವರೆ ಅಡಿಗೆ ಸೋರುವ ಪೈಪು ಸಿಗುತ್ತದೆ. ಎಂಟು ಗಂಟೆಗೆ ಗುಂಡಿ ಮುಚ್ಚಿರುತ್ತದೆ, ನೀಲಿ ಗೆರೆ ಕಿತ್ತ ಡಾಂಬರಿನ ಜೊತೆ ಗಾಡಿ ಹತ್ತಿ ಹೋಗಿರುತ್ತದೆ.

ಊರಿನಲ್ಲಿ ಇವರನ್ನು ಬಲ್ಲ ಕೆಲವರು ಗೆರೆಯಕ್ಕ ಎನ್ನುತ್ತಾರೆ. ಮಿಕ್ಕವರು ಏನೂ ಎನ್ನುವುದಿಲ್ಲ, ಏಕೆಂದರೆ ನೋಡಿಯೇ ಇಲ್ಲ. ಈ ಸಣ್ಣ ನಗರದ ಯಾವ ವಿಭಾಗ ಎಲ್ಲಿ ನೆಲ ಅಗೆಯಬೇಕಾದರೂ ಮೊದಲು ಅಲ್ಲಿಗೆ ಹೋಗಿ ಗುರುತು ಹಾಕಬೇಕಾದವರು ಇವರು. ಸೋಮವಾರ ನೀರಿನವರಿಗೆ ನೀಲಿ. ಮಂಗಳವಾರ ಬೀದಿದೀಪದವರ ತಂತಿಗೆ ಹಳದಿ. ಬುಧವಾರ ರಸ್ತೆ ಗುಂಡಿಗಳ ಸುತ್ತ ಬಿಳಿ ಬಳೆ. ಗುರುವಾರ ಒಳಚರಂಡಿಗೆ ಕಂದು, ಶುಕ್ರವಾರ ಉದ್ಯಾನದವರ ಮರದ ಬೇರಿಗೆ ಹಸಿರು. ಇವರು ಗೆರೆ ಎಳೆಯದೆ ಇದ್ದರೆ ದೀಪದವರು ನೀರಿನ ಪೈಪು ಒಡೆಯುತ್ತಾರೆ, ನೀರಿನವರು ಚರಂಡಿಗೆ ತೂತು ಹಾಕುತ್ತಾರೆ, ಆಮೇಲೆ ಇಬ್ಬರೂ ರಸ್ತೆಯವರ ಮೇಲೆ ಗೂಬೆ ಕೂರಿಸುತ್ತಾರೆ.

ವಾರಕ್ಕೆ ಇನ್ನೂರು, ಇನ್ನೂರಿಪ್ಪತ್ತು ಗುರುತು. ದಿನಕ್ಕೆ ಹನ್ನೊಂದು ಕಿಲೋಮೀಟರು ನಡಿಗೆ. ತಿಂಗಳಿಗೆ ಎರಡು ಬ್ರಷ್ಷು, ಎರಡು ತಿಂಗಳಿಗೊಂದು ಜೊತೆ ಚಪ್ಪಲಿ. ಮೂವತ್ತೊಂದು ವರ್ಷದಿಂದ ಬಗ್ಗಿ ಬಗ್ಗಿ ಈಗ ಎಡ ಮಂಡಿ ಮಡಚಿದರೆ ಬಿಡಿಸಲು ಎರಡು ಸಲ ಉಸಿರು ಎಳೆದುಕೊಳ್ಳಬೇಕು. ಐದು ಬಣ್ಣದ ಡಬ್ಬಿಗಳಿಗೆ ಐದು ಜೇಬಿರುವ ಚೀಲ ಹೊಲಿದು ಕೊಟ್ಟವರು ಅವರ ಯಜಮಾನರು, ದರ್ಜಿ. “ಆರನೇದೊಂದು ಜೇಬು ಹೊಲೀಬೇಕಿತ್ತು,” ಎಂದು ಅವರು ಹೊಲಿಗೆ ಯಂತ್ರದ ಹಿಂದಿನಿಂದ ನಗುತ್ತಾರೆ. “ಇವಳ ಹೊಟ್ಟೆಕಿಚ್ಚು ಇಟ್ಕೊಳ್ಳೋಕೆ.”

ಗೆರೆಯಕ್ಕ ಅದನ್ನು ಅಲ್ಲಗಳೆಯುವುದಿಲ್ಲ.

ಹೊಟ್ಟೆಕಿಚ್ಚಿನ ಮಾತು ಬಂದದ್ದರಿಂದ ನನ್ನದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಈ ಊರಿಗೆ ಬಂದದ್ದು ಇವರಿಗಾಗಿ ಅಲ್ಲ. ಎರಡು ವರ್ಷದ ಹಿಂದೆ ನನ್ನ ಪಕ್ಕದ ಮೇಜಿನ ಮಹಾಶಯ ಇಲ್ಲಿನ ನಗರಸಭೆಯ ತೋಟಗಾರ್ತಿಯ ಬಗ್ಗೆ ಒಂದು ಲೇಖನ ಬರೆದ. ಗಡಿಯಾರ ಗೋಪುರದ ವೃತ್ತದಲ್ಲಿ ಎಂಬತ್ತಾರು ಗುಲಾಬಿ ಗಿಡ ಬೆಳೆಸಿ ಊರಿನವರ ಬಾಯಲ್ಲಿ ಗುಲಾಬಿಯಕ್ಕ ಎನಿಸಿಕೊಂಡಾಕೆ. ಲೇಖನಕ್ಕೆ ಓದುಗರ ಪತ್ರಗಳು ಬಂದವು. ನಗರಸಭೆಯವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಮಹಾಶಯ ಅದರ ಫೋಟೋವನ್ನು ನನಗೇ ತೋರಿಸಿದ, ಮೂರು ಸಲ. ಅದೇ ಗುಲಾಬಿಯಕ್ಕನ ಬಗ್ಗೆ ಅವನಿಗಿಂತ ಚೆನ್ನಾಗಿ ಬರೆದು ಅವನ ಜಂಭ ಇಳಿಸಬೇಕೆಂದು ನಾನು ಬಸ್ಸು ಹತ್ತಿದ್ದು.

ವೃತ್ತದಲ್ಲಿ ಬಣ್ಣದ ಚೀಲ ಹೊತ್ತ ಹೆಂಗಸೊಬ್ಬರು ನಿಂತಿದ್ದರು. ಈ ಹೂವಿನವರು ಎಲ್ಲಿ ಸಿಗುತ್ತಾರೆ ಎಂದು ಕೇಳಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬರೋರೆಲ್ಲ ಅವಳನ್ನೇ ಕೇಳ್ತೀರಲ್ಲ. ಈ ನೆಲದ ಮೇಲೆ ಅವಳೊಬ್ಬಳೇ ಇರೋದಾ?” ಎಂದು ಮೂಗು ಮುರಿದರು. ಆ ದನಿ ನನಗೆ ಚೆನ್ನಾಗಿ ಪರಿಚಯವಿತ್ತು. ನಮ್ಮ ಬಳಗದವರೇ ಎಂದು ಆ ಕ್ಷಣವೇ ಗೊತ್ತಾಯಿತು. ಗುಲಾಬಿಯಕ್ಕ ಈಕೆಯ ಸ್ವಂತ ತಂಗಿ ಎಂದು ತಿಳಿದದ್ದು ಆಮೇಲೆ.

ನಗರಸಭೆ ಕಚೇರಿಯ ಗೋಡೆಯ ಮೇಲೆ ವೃತ್ತಕ್ಕೆ ಮುಖ ಮಾಡಿ ಒಂದು ಕಪ್ಪು ಹಲಗೆ ಇದೆ. ಪ್ರತಿ ಶನಿವಾರ ಹತ್ತು ಗಂಟೆಗೆ ಗುಮಾಸ್ತರು ಸೀಮೆಸುಣ್ಣ ಹಿಡಿದು ಅದರ ಮೇಲೆ ಆ ವಾರದ ಕೆಲಸಗಳನ್ನು ಬರೆಯುತ್ತಾರೆ. ನೀರು: ಸೋರಿಕೆ ದುರಸ್ತಿ, ಹದಿನೇಳು. ಬೀದಿದೀಪ: ಇಪ್ಪತ್ಮೂರು. ರಸ್ತೆ: ಗುಂಡಿ ಮುಚ್ಚಿದ್ದು, ನಲವತ್ತು. ಒಳಚರಂಡಿ ಇಷ್ಟು, ಉದ್ಯಾನ ಇಷ್ಟು. ಗೆರೆಯಕ್ಕ ಈ ಐದರಲ್ಲಿ ಯಾವುದಕ್ಕೂ ಸೇರಿದವರಲ್ಲ. ಅವರ ಹೆಸರಿರುವುದು ‘ಇತರೆ’ ಎಂಬ ಪಟ್ಟಿಯಲ್ಲಿ, ಬಾಗಿಲ ಕಾವಲಿನವರು ಮತ್ತು ಕುಡಿಯುವ ನೀರಿನ ಹೂಜಿ ತುಂಬುವವರ ಜೊತೆ. ಹಲಗೆಯ ಮೇಲೆ ಇತರೆಗೆ ಜಾಗವಿಲ್ಲ. ಆದರೂ ಮೂವತ್ತೊಂದು ವರ್ಷದಿಂದ ಒಂದು ಶನಿವಾರವೂ ತಪ್ಪಿಸದೆ ಅವರು ಅದರ ಮುಂದೆ ಬಂದು ನಿಲ್ಲುತ್ತಾರೆ.

“ಹದಿನೇಳು ಸೋರಿಕೆ ಅಂತ ಬರೀತಾರಲ್ಲ, ಹದಿನೇಳೂ ನಾನು ತೋರಿಸಿದ್ದು. ಅವರು ಅಗೆದ್ರು ಅಷ್ಟೇ. ಹೋಗ್ಲಿ ಬಿಡಿ, ನೀರಿನೋರ ಮೇಲೆ ನಂಗೆ ಅಷ್ಟು ಉರಿಯಲ್ಲ. ಕೊನೇ ಸಾಲು ಓದ್ದಾಗ ನೋಡಿ, ಇಲ್ಲಿಂದ ಇಲ್ಲಿಗೆ ಹತ್ಕೊಳ್ಳುತ್ತೆ.” ಅವರು ಹೊಟ್ಟೆಯಿಂದ ಗಂಟಲವರೆಗೆ ಬೆರಳು ಎಳೆದು ತೋರಿಸುತ್ತಾರೆ. ಕೊನೆಯ ಸಾಲು ಉದ್ಯಾನದ್ದು. ತಂಗಿಯದ್ದು.

ಇದರ ಬೇರು ಹಳೆಯದು. ಅಪ್ಪ ಇದೇ ನಗರಸಭೆಯಲ್ಲಿ ಪೈಪು ಹೂಳುವ ಕೆಲಸದಲ್ಲಿದ್ದರು. ದೊಡ್ಡ ಮಗಳನ್ನು ಏಳನೇ ವಯಸ್ಸಿನಿಂದಲೇ ರಜೆಯ ದಿನಗಳಲ್ಲಿ ಜೊತೆಗೆ ಕರೆದೊಯ್ಯುತ್ತಿದ್ದರು. ಗುಂಡಿಯ ಅಂಚಿನಲ್ಲಿ ಕೂರಿಸಿ ಕಂಬಿಗೆ ಕಿವಿ ಕೊಡುವುದನ್ನು ಕಲಿಸಿದರು. ಪ್ರತಿ ಪೈಪಿನ ಜಾಗವನ್ನೂ ಒಂದು ಶಾಲಾ ಪುಸ್ತಕದಲ್ಲಿ ಬರೆದಿಟ್ಟರು. ‘ಅಂಚೆ ಕಚೇರಿ ಮೂರನೇ ಮೆಟ್ಟಿಲಿಂದ ಹನ್ನೊಂದು ಅಡಿ’, ‘ಗಡಿಯಾರ ಗೋಪುರದ ಉತ್ತರ ಮೂಲೆಯಿಂದ ಒಂಬತ್ತೂಕಾಲು ಅಡಿ’, ಹೀಗೆ. ಪುಸ್ತಕ ಈಗಲೂ ಇದೆ, ಆದರೆ ಗೆರೆಯಕ್ಕನಿಗೆ ಅದನ್ನು ತೆರೆಯಬೇಕಾಗಿಯೇ ಇಲ್ಲ. ಯಾವ ಪುಟ ಕೇಳಿದರೂ ಬಾಯಿಪಾಠ ಒಪ್ಪಿಸುತ್ತಾರೆ.

“ವರ್ಷಕ್ಕೊಂದು ಹೊಸ ಫ್ರಾಕು ತರೋರು. ಒಂದೇ. ಅದು ಯಾವಾಗ್ಲೂ ಚಿಕ್ಕೋಳಿಗೆ. ದೊಡ್ಡೋಳಿಗೆ ಕೊಟ್ರೆ ಮಣ್ಣು ಮಾಡ್ಕೊಂಡು ಬರ್ತಾಳೆ ಅಂತ ಅಮ್ಮ. ಮಣ್ಣಿಗೆ ಕರ್ಕೊಂಡು ಹೋಗೋರು ಯಾರು? ಅಪ್ಪ. ಅವಳು ಹೊಸ ಫ್ರಾಕು ಹಾಕ್ಕೊಂಡು ಅಮ್ಮನ ಜೊತೆ ಹೂವಿನ ಕುಂಡಕ್ಕೆ ನೀರು ಹಾಕೋಳು. ನಾನು ಹಳೇದ್ರಲ್ಲಿ ಗುಂಡಿ ಪಕ್ಕ. ಈಗ್ಲೂ ಅಷ್ಟೇ ಅಲ್ವಾ?” ಐವತ್ತನಾಲ್ಕರ ಹೆಂಗಸು ಫ್ರಾಕಿನ ಬಣ್ಣವನ್ನೂ ಹೇಳುತ್ತಾರೆ. ತಿಳಿಗುಲಾಬಿ, ಬಿಳಿ ಅಂಚು.

ಕಳೆದ ವರ್ಷ ಈ ಹೊಟ್ಟೆಕಿಚ್ಚು ಅವರ ಕೆಲಸಕ್ಕೇ ಕೈ ಹಾಕಿತು. ಆ ಕಥೆಯನ್ನು ಹೇಳಲು ಅವರು ನಾಲ್ಕು ದಿನ ತೆಗೆದುಕೊಂಡರು. ಸೋಮವಾರ ಕೇಳಿದಾಗ ಮಾತು ತಿರುಗಿಸಿದರು, ಮಂಗಳವಾರ ಗದರಿದರು. ಗುರುವಾರ ಚರಂಡಿ ಮುಚ್ಚಳದ ಪಕ್ಕ ಕಟ್ಟೆಯ ಮೇಲೆ ಕೂತು, ಕೈಗೆ ಹತ್ತಿದ ಕಂದು ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ, ತಾವಾಗಿಯೇ ಹೇಳಿದರು.

ಆ ಶನಿವಾರದ ಹಲಗೆಯ ಮೇಲೆ ಎಲ್ಲ ಸಾಲುಗಳಿಗಿಂತ ಮೇಲೆ, ಬಣ್ಣದ ಸೀಮೆಸುಣ್ಣದಲ್ಲಿ, ವೃತ್ತದ ಗುಲಾಬಿ ಪಾತಿಗೆ ಸುತ್ತಲಿನ ನಗರಗಳಲ್ಲೆಲ್ಲ ಮೊದಲ ಸ್ಥಾನ ಸಿಕ್ಕಿದೆ ಎಂದು ಬರೆದಿತ್ತು. ಸಂಜೆ ತಂಗಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ಅಲ್ಲಿ ಯಾರೋ ಗೆರೆಯಕ್ಕನನ್ನು ತೋರಿಸಿ ಇವರೂ ನಗರಸಭೆಯಲ್ಲೇ ಏನೋ ಮಾಡ್ತಾರೆ ಎಂದರು. ಆ ‘ಏನೋ’ ಸಾಕಾಯಿತು. “ಬಾಯಿ ತಪ್ಪಿ ಬಂದುಬಿಡ್ತು. ನಿನ್ನ ಹೂವೆಲ್ಲ ಒಂದಿನ ಬೇರು ಸಮೇತ ಕಿತ್ತು ಹೋಗ್ಲಿ, ಆಗ ಗೊತ್ತಾಗುತ್ತೆ ಅಂದೆ. ಎಲ್ಲರ ಎದುರಿಗೇ ಅಂದೆ. ತಂಗಿ ಗಂಡ ಲೋಟ ಕೆಳಗಿಟ್ರು.”

ಮುಂದಿನ ಸೋಮವಾರ ಗುಡ್ಡದ ಬಡಾವಣೆಯ ಸಾವಿರದ ನಾನೂರು ಮನೆಗಳಿಗೆ ನೀರು ಏರಲಿಲ್ಲ. ಊರ ದೊಡ್ಡ ಪೈಪು ಎಲ್ಲೋ ಸೋರುತ್ತಿದೆ. ಸೋರಿದ ನೀರು ಹಳೆಯ ಚರಂಡಿಗೆ ಇಳಿದು ಹೋಗುತ್ತಿದ್ದರಿಂದ ಮೇಲೆ ಒದ್ದೆಯ ಸುಳಿವೂ ಇಲ್ಲ. ಗೆರೆಯಕ್ಕ ಕಂಬಿ ಹಿಡಿದು ಪೈಪಿನ ದಾರಿಯಲ್ಲೇ ಹೊರಟರು. ಗಡಿಯಾರ ವೃತ್ತದ ಹತ್ತಿರ ಸದ್ದು ಜೋರಾಯಿತು. ಪಾತಿಯ ಅಂಚಿಗೆ ಬಂದಾಗ ಇನ್ನೂ ಜೋರು. ಗುಲಾಬಿಗಳ ನಡುವೆ ಕಂಬಿಯನ್ನು ಗೇಣುದ್ದ ಇಳಿಸಿದಾಗ ಕಿವಿ ತುಂಬಿಹೋಯಿತು.

“ಶನಿವಾರ ಶಾಪ ಹಾಕಿದೀನಿ, ಸೋಮವಾರ ಅದೇ ಹೂವಿನ ಮೇಲೆ ಗೆರೆ ಎಳೀಬೇಕು. ನನ್ನ ಕಿವಿ ಹೇಳ್ತಿರೋದಾ, ನನ್ನ ಹೊಟ್ಟೆ ಉರಿ ಹೇಳ್ತಿರೋದಾ? ಮೂರು ಸಲ ಕೇಳ್ದೆ. ಮೂರು ಸಲಾನೂ ಅಲ್ಲೇ. ಆದ್ರೂ ನಂಬಿಕೆ ಬರ್ಲಿಲ್ಲ. ನೀರಿನ ಮೇಲಲ್ಲ, ನನ್ ಮೇಲೆ.”

ಅವರು ಪಾತಿಯಿಂದ ಏಳು ಅಡಿ ಆಚೆ, ರಸ್ತೆಯ ಅಂಚಿನಲ್ಲಿ ಗುರುತು ಹಾಕಿದರು. ಅಲ್ಲೂ ಪೈಪು ಹಾದುಹೋಗುತ್ತದೆ, ಅಲ್ಲೂ ಸದ್ದು ಕೇಳುತ್ತದೆ, ಅಲ್ಲೇ ಇರಬಹುದು ಎಂದು ತಮಗೆ ತಾವೇ ಹೇಳಿಕೊಂಡರು. ಆಳುಗಳು ಅಗೆದರು. ಪೈಪು ಸಿಕ್ಕಿತು, ಸೋರಿಕೆ ಸಿಗಲಿಲ್ಲ. ಗೆರೆಯಕ್ಕನ ಗುರುತು ತಪ್ಪುವುದೇ ಇಲ್ಲವಾದ್ದರಿಂದ ಒಂದೆರಡು ಅಡಿ ಹೆಚ್ಚುಕಮ್ಮಿ ಆಗಿರಬೇಕೆಂದು ಅವರು ಅಗೆಯುತ್ತಲೇ ಹೋದರು, ಪಾತಿಗೆ ಬೆನ್ನು ಹಾಕಿ, ರಸ್ತೆಯ ಕಡೆಗೆ. ಸೋಮವಾರ ಹೋಯಿತು, ಮಂಗಳವಾರವೂ ಹೋಯಿತು. ಗುಡ್ಡದ ಮೇಲಿನ ಹೆರಿಗೆ ಮನೆಗೆ ಟ್ಯಾಂಕರಿನಲ್ಲಿ ನೀರು ಹೋಯಿತು. ಮುದುಕರು ಕೂಡ ಕೊಡ ಹೊತ್ತು ಏರು ಹತ್ತಿದರು.

ಗುದ್ದಲಿ ತಂಡದ ಮೇಸ್ತ್ರಿ ಆ ದಿನವನ್ನು ಮರೆತಿಲ್ಲ. “ಅಕ್ಕ, ನಿಮ್ಮ ಗುರುತು ಅಂದ್ರೆ ನಾವು ಕಣ್ಮುಚ್ಚಿ ಗುದ್ದಲಿ ಹಾಕ್ತೀವಿ, ಇವತ್ತೇನೋ ಕೈ ಹಿಂದೇಟು ಹಾಕ್ತಿದೆ ಅಂದೆ. ಅಕ್ಕ ನನ್ನ ಮುಖಾನೇ ನೋಡ್ಲಿಲ್ಲ.” ಮಂಗಳವಾರ ಸಂಜೆ ಎಂಜಿನಿಯರ್ ಸಾಹೇಬರು ಬಂದು ಹದಿನಾರು ಅಡಿ ಉದ್ದದ ಒಣ ಗುಂಡಿಯನ್ನು ನೋಡಿದರು. “ಕಿವಿ ನಂಬ್ಕೊಂಡು ಇನ್ನೆಷ್ಟು ದಿನ? ನಾಳೆ ಸಂಜೆ ಒಳಗೆ ಸಿಗ್ಲಿಲ್ಲ ಅಂದ್ರೆ ಹೊರಗಡೆಯಿಂದ ಯಂತ್ರ ತರಿಸ್ತೀನಿ. ಇನ್ಮುಂದೆ ಗುರುತೆಲ್ಲ ಯಂತ್ರದ್ದೇ,” ಎಂದು ಹೇಳಿ ಹೋದರು.

ಬುಧವಾರ ಬೆಳಕು ಹರಿಯುವ ಮುಂಚೆ ಗೆರೆಯಕ್ಕ ತಂಗಿಯ ಮನೆಯ ಅಡುಗೆಮನೆ ಬಾಗಿಲು ತಟ್ಟಿದರು. ಒಳಗೆ ಕರೆಯುವುದಕ್ಕೂ ಕಾಯಲಿಲ್ಲ.

“ಸೋರ್ತಿರೋದು ನಿನ್ನ ಗುಲಾಬಿ ಕೆಳಗೆ ಕಣೇ. ಸೋಮವಾರಾನೇ ಗೊತ್ತಿತ್ತು.”

“ನಿಜವಾಗ್ಲೂ ಕೇಳಿಸ್ತಾ ಅಕ್ಕ, ಇಲ್ಲಾ ಅಲ್ಲೇ ಇರ್ಲಿ ಅಂತ ಅನ್ನಿಸ್ತಾ?”

“ಎರಡೂ.”

ಗುಲಾಬಿಯಕ್ಕ ಒಲೆ ಆರಿಸಿ, ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ಹೊರಟರು. ವೃತ್ತದಲ್ಲಿ ಅಕ್ಕನ ಕೈಯಿಂದ ಕಂಬಿ ಇಸಿದುಕೊಂಡು ಪಾತಿಯ ನಡುವೆ ಊರಿ ತಾವೂ ಕಿವಿ ಇಟ್ಟರು. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಅಡ್ಡಡ್ಡ ತಲೆಯಾಡಿಸಿದರು. ಏನೂ ಕೇಳಿಸಲಿಲ್ಲ.

ಇದನ್ನು ನಾನು ಗುಲಾಬಿಯಕ್ಕನ ಬಾಯಿಂದಲೇ ಕೇಳಬೇಕೆಂದು ಶುಕ್ರವಾರ ಅವರ ಸಸಿಮನೆಗೆ ಹೋದೆ. ಐವತ್ತರ ಹೆಂಗಸು, ಮೊಣಕೈವರೆಗೆ ಮುಳ್ಳು ಗೀರಿದ ಗಾಯ. ನನ್ನ ಪಕ್ಕದ ಮೇಜಿನವನು ಚೆನ್ನಾಗಿದ್ದಾನಾ ಎಂದು ಮೊದಲು ಕೇಳಿದರು. ಚೆನ್ನಾಗಿಯೇ ಇದ್ದಾನೆ ಎಂದೆ, ಹಲ್ಲು ಕಚ್ಚಿಕೊಂಡು.

“ನಂಗೆ ಯಾವತ್ತೂ ಕೇಳಿಸಿಲ್ಲ,” ಎನ್ನುತ್ತಾರೆ ಗುಲಾಬಿಯಕ್ಕ. “ಚಿಕ್ಕೋಳಿದ್ದಾಗ ಅಪ್ಪ ಮಲಗಿದ್ಮೇಲೆ ಆ ಕಂಬಿ ಕದ್ದು ಹಿತ್ತಲಲ್ಲಿ ಊರಿ ಊರಿ ನೋಡಿದೀನಿ. ಏನೂ ಇಲ್ಲ. ಅಪ್ಪ ಅವಳನ್ನ ಕರ್ಕೊಂಡು ಹೋಗೋರು, ನನ್ನ ಬಿಟ್ಟು ಹೋಗೋರು. ವಾಪಸ್ ಬರ್ತಾ ಇಬ್ರೂ ಏನೋ ಮಾತಾಡ್ಕೊಂಡು ನಗ್ತಾ ಬರೋರು. ಹೊಸ ಫ್ರಾಕು ಹಾಕ್ಕೊಂಡು ನಾನು ಬಾಗಿಲಲ್ಲಿ ನಿಂತಿರ್ತಿದ್ದೆ. ಆ ಫ್ರಾಕಿಗೆ ನಾನೇ ಒಂದು ಸಲ ಬೇಕಂತ ಮಣ್ಣು ಹಚ್ಕೊಂಡಿದೀನಿ. ಆಗ್ಲಾದ್ರೂ ಕರ್ಕೊಂಡು ಹೋಗ್ತಾರೇನೋ ಅಂತ. ಅಕ್ಕನಿಗೆ ಇದು ಗೊತ್ತಿಲ್ಲ. ಬೇಕಾದ್ರೆ ಬರ್ಕೊಳ್ಳಿ.”

ಬರೆದುಕೊಂಡಿದ್ದೇನೆ.

ಆ ಬುಧವಾರ ತಂಗಿ ಕಂಬಿಯನ್ನು ವಾಪಸ್ಸು ಕೊಟ್ಟು ಹೇಳಿದ್ದು ಇಷ್ಟು: “ನಂಗೆ ಕೇಳಿಸ್ಲಿಲ್ಲ. ನಿಂಗೆ ಕೇಳಿಸ್ತಲ್ಲ, ಗೆರೆ ಎಳಿ.” ಗೆರೆಯಕ್ಕ ಎಂಬತ್ತಾರು ಗುಲಾಬಿ ಗಿಡಗಳ ನಡುವೆ, ಮಣ್ಣಿನ ಮೇಲೆ, ನೀಲಿ ಗೆರೆ ಎಳೆದರು. ಗೆರೆಯ ದಾರಿಯಲ್ಲಿ ಮೂವತ್ತೊಂದು ಗಿಡಗಳಿದ್ದವು. ಮೇಸ್ತ್ರಿಯ ಆಳುಗಳನ್ನು ಹತ್ತಿರಕ್ಕೂ ಬಿಡದೆ ಗುಲಾಬಿಯಕ್ಕ ಅಷ್ಟನ್ನೂ ಮಣ್ಣಿನ ಗಟ್ಟಿ ಸಮೇತ ತಾವೇ ಎಬ್ಬಿಸಿದರು. ಅಕ್ಕ ಗಿಡ ಹೊತ್ತರು, ಒಂದೊಂದಾಗಿ, ಗೋಣಿಯಲ್ಲಿ ಸುತ್ತಿ. ಹನ್ನೊಂದು ಗಂಟೆಗೆ ಸೋರಿಕೆ ಸಿಕ್ಕಿತು. ಅಡ್ಡಗೀಟಿನ ನೇರ ಕೆಳಗೆ. “ಒಂದು ಬೆರಳು ಆಚೆ ಇಲ್ಲ, ಈಚೆ ಇಲ್ಲ,” ಎನ್ನುತ್ತಾರೆ ಮೇಸ್ತ್ರಿ. ಸಂಜೆ ಗುಡ್ಡದ ನಲ್ಲಿಗಳಲ್ಲಿ ನೀರು ಬಂತು. ಯಂತ್ರದ ಮಾತು ಅಲ್ಲಿಗೇ ನಿಂತಿತು.

ಎಂಜಿನಿಯರು ಮಾತ್ರ ಬಿಡಲಿಲ್ಲ. ಗೊತ್ತಿದ್ದೂ ಯಾಕೆ ತಪ್ಪು ಗುರುತು ಹಾಕಿದಿರಿ ಎಂದು ಕೇಳಿದರು. “ಹೇಳಿದ್ರೆ ನಿಮಗೆ ಅರ್ಥ ಆಗಲ್ಲ ಸಾರ್, ನಿಮಗೆ ತಂಗಿ ಇಲ್ಲ ಅಂದೆ. ಬರೆದು ಕೊಡಿ ಅಂದ್ರು.” ಗೆರೆಯಕ್ಕ ಬರೆದುಕೊಟ್ಟರು. ಆ ಹಾಳೆಯನ್ನು ಗುಮಾಸ್ತರು ಕಡತದಿಂದ ತೆಗೆದು ನನಗೆ ತೋರಿಸಿದರು. ದುಂಡಗಿನ ಅಕ್ಷರ, ಎರಡೇ ಸಾಲು. ‘ಸೋರಿಕೆ ಪಾತಿಯ ಕೆಳಗೆ ಇರುವುದು ಮೊದಲೇ ತಿಳಿದಿತ್ತು. ನನ್ನ ಹೊಟ್ಟೆಕಿಚ್ಚಿಗೆ ಹೆದರಿ ಗುರುತನ್ನು ಸರಿಸಿದೆನು.’ ಮೂವತ್ತೊಂದು ವರ್ಷದಲ್ಲಿ ಅವರ ಕೆಲಸದ ಬಗ್ಗೆ ನಗರಸಭೆಯಲ್ಲಿ ಉಳಿದಿರುವ ಏಕೈಕ ಕಾಗದ ಇದು.

ಅದನ್ನು ಓದಿ ನನಗೆ ಇನ್ನಷ್ಟು ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷದಿಂದ ಬರೆಯುತ್ತಿರುವ ನನಗೆ ಅಂಥ ಎರಡು ಸಾಲು ಬಂದಿಲ್ಲ. ಈ ಹೆಂಗಸಿನ ಗೆರೆ ನಂಬಿ ಐದು ವಿಭಾಗದವರು ನೆಲ ಅಗೆಯುತ್ತಾರೆ. ನನ್ನ ಸಾಲು ಓದಿ ಇದುವರೆಗೆ ಯಾರೂ ಒಂದು ಕುರ್ಚಿಯನ್ನೂ ಸರಿಸಿದ್ದಿಲ್ಲ.

ಆ ವಾರದ ಶನಿವಾರ ಹಲಗೆಯ ಮೇಲೆ ಏನಿತ್ತು ಎಂದು ಕೇಳಿದರೆ ಗೆರೆಯಕ್ಕ ತಡವರಿಸದೆ ಹೇಳುತ್ತಾರೆ. “ನೀರು: ದೊಡ್ಡ ಪೈಪು ದುರಸ್ತಿ, ಒಂದು. ಉದ್ಯಾನ: ಮೂವತ್ತೊಂದು ಗುಲಾಬಿ ಗಿಡ ಸ್ಥಳಾಂತರ, ಒಂದೂ ಸತ್ತಿಲ್ಲ. ಜನ ಹಲಗೆ ಮುಂದೆ ನಿಂತ್ಕೊಂಡು ಚಪ್ಪಾಳೆ ಹೊಡೆದ್ರು ಬರೆಯೋರೇ! ಹೊತ್ತೋಳು ನಾನು!”

ಈಗ ಮತ್ತೊಂದು ಶನಿವಾರ. ಹತ್ತು ಗಂಟೆ ದಾಟಿದೆ. ಗುಮಾಸ್ತರು ಸೀಮೆಸುಣ್ಣದ ಪುಡಿ ಕೊಡವಿಕೊಂಡು ಒಳಗೆ ಹೋಗಿದ್ದಾರೆ. ಗೆರೆಯಕ್ಕ ಹಲಗೆ ಓದಿ ಮುಗಿಸಿ, ಎಂದಿನಂತೆ ಮುಖ ಊದಿಸಿಕೊಂಡು, ವೃತ್ತದ ಕಡೆ ತಿರುಗುತ್ತಾರೆ. ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. “ಒಂದು ಸಾಲು. ಗುರುತು, ಇನ್ನೂರ ಹದಿನಾಲ್ಕು ಅಂತ. ಹೆಸರು ಬೇಡ. ಅವಳ ಸಾಲಿಗಿಂತ ಒಂದು ಸಾಲು ಮೇಲಿದ್ರೆ ಸಾಕು.”

ಪಾತಿ ಮೈತುಂಬ ಹೂ ಬಿಟ್ಟಿದೆ. ಎಲ್ಲ ಕೆಂಪು. ಆದರೆ ಪಾತಿಯ ಈ ಅಂಚಿನಿಂದ ಆ ಅಂಚಿಗೆ ಒಂದು ಮೊಳ ಅಗಲದ ಪಟ್ಟಿಯಲ್ಲಿ ಗುಲಾಬಿಯೇ ಇಲ್ಲ. ಅಲ್ಲಿ ಬೇರು ಆಳಕ್ಕಿಳಿಯದ ಕುಳ್ಳು ಬಿಳಿ ಹೂವಿನ ಗಿಡಗಳು ಸಾಲಾಗಿ ನಿಂತಿವೆ. ನಡುವೆ ಒಂದು ಕಡೆ ಬಿಳಿ ಹೂವಿನದೇ ಅಡ್ಡಗೀಟು. ಕಳೆದ ವರ್ಷ ಗುಂಡಿ ಮುಚ್ಚಿದ ಮೇಲೆ ಗುಲಾಬಿಯಕ್ಕ ಆ ನೀಲಿ ಗೆರೆ ಇದ್ದಲ್ಲೇ, ಅದೇ ಅಳತೆಗೆ, ಇದನ್ನು ನೆಟ್ಟರು. ಮುಂದೆ ಯಾರೂ ಪಾತಿ ಅಗೆಯದೆ ಪೈಪಿನ ಜಾಗ ಗೊತ್ತಾಗಲಿ ಎಂದು ಕಚೇರಿಗೆ ಕಾರಣ ಕೊಟ್ಟರು. ಅಕ್ಕನಿಗೆ ಯಾವ ಕಾರಣವನ್ನೂ ಕೊಡಲಿಲ್ಲ.

ಗಂಡ ಹೆಂಡತಿ ಇಬ್ಬರು ಪಾತಿಯ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದಾರೆ. “ಈ ಬಿಳಿ ಗೆರೆ ಎಷ್ಟು ಚೆನ್ನಾಗಿದೆ! ಗುಲಾಬಿಯಕ್ಕನ ಕೈ ಅಂದ್ರೆ ಕೈ,” ಎನ್ನುತ್ತಾಳೆ ಹೆಂಡತಿ.

“ನೋಡಿದ್ರಾ?” ಗೆರೆಯಕ್ಕ ನನ್ನ ಮೊಣಕೈ ತಿವಿಯುತ್ತಾರೆ. “ಅದೂ ಅವಳ ಲೆಕ್ಕಕ್ಕೇ ಹೋಯ್ತು!”

ಆ ದಂಪತಿ ಹೋಗುವವರೆಗೆ ಕಾದು, ಗೆರೆಯಕ್ಕ ಚೀಲದಿಂದ ಅಳತೆ ಪಟ್ಟಿ ತೆಗೆಯುತ್ತಾರೆ. ಒಂದು ತುದಿಯನ್ನು ಗೋಪುರದ ಉತ್ತರ ಮೂಲೆಗೆ ಒತ್ತಿ ಹಿಡಿಯಲು ನನಗೆ ಹೇಳುತ್ತಾರೆ. ಇನ್ನೊಂದು ತುದಿ ಹಿಡಿದು ಬಿಳಿ ಸಾಲಿನ ಪಕ್ಕ ಎಡ ಮಂಡಿ ಊರುತ್ತಾರೆ, ನಿಧಾನವಾಗಿ. ಒಂಬತ್ತೂಕಾಲು ಅಡಿ. ಅಲ್ಲಿಂದ ಸಾಲಿನುದ್ದಕ್ಕೂ ಕೈಯಾಡಿಸುತ್ತಾ ಹೋಗುತ್ತಾರೆ, ಹತ್ತು ಹನ್ನೆರಡು ಗಿಡಗಳು ನೇರಕ್ಕಿವೆ. ಒಂದು ಗಿಡದ ಹತ್ತಿರ ಅವರ ಕೈ ನಿಲ್ಲುತ್ತದೆ. ಮುಖದಲ್ಲಿ ವಾರದಲ್ಲಿ ಮೊದಲ ಸಲ ನಗು ಕಾಣುತ್ತದೆ. ಮೊದಲಿನ ಬಿಳಿ ಗಿಡ ಸತ್ತು, ಆ ಜಾಗದಲ್ಲಿ ಹೊಸದಾಗಿ ನೆಟ್ಟದ್ದು ಇರಬೇಕು.

“ಇವಳ ಹೂವು ನಾಲ್ಕು ಬೆರಳು ಆಚೆ ಹೋಗಿದೆ, ಬರೆಯೋರೇ. ನನ್ನ ಪೈಪು ಎಲ್ಲೂ ಹೋಗಿಲ್ಲ.”

ಕಿತ್ತು ಸರಿಯಾಗಿ ನೆಡುತ್ತೀರಾ ಎಂದು ಕೇಳಿದೆ. ನಾನೇನು ತೋಟದವಳಾ ಎಂಬಂತೆ ನನ್ನನ್ನು ನೋಡಿದರು. ನೀಲಿ ಡಬ್ಬಿಯ ಮುಚ್ಚಳ ತೆಗೆದು, ಗಿಡ ಇರಬೇಕಾದ ಜಾಗದಲ್ಲಿ, ಮಣ್ಣಿನ ಮೇಲೆ, ಬೆರಳುಗಾತ್ರದ ಒಂದು ಚುಕ್ಕೆ ಇಟ್ಟರು.

“ಸೋಮವಾರ ಬರ್ತಾಳೆ, ನೋಡ್ತಾಳೆ, ಗಿಡ ಇಲ್ಲಿಗೆ ಸರಿಸ್ತಾಳೆ,” ಎಂದು ಬ್ರಷ್ಷು ಒರೆಸುತ್ತಾ ಎದ್ದರು. “ಈ ಊರಲ್ಲಿ ಎಲ್ರೂ ಅವಳ ಮಾತು ಕೇಳ್ತಾರೆ. ಅವಳು ನನ್ನ ಚುಕ್ಕೆ ಮಾತು ಕೇಳ್ತಾಳೆ.”